ಟೋಕಿಯೋದಿಂದ ಶಿವಮೊಗ್ಗಕ್ಕೆ ಬಂದ ಸೂಪರ್ ಕಬ್: ಒಂದು ಬೈಕ್ ಆಮದಿನ ಅನುಭವ

ಹೊರದೇಶದಲ್ಲಿ ಕೆಲವು ವರ್ಷ ದುಡಿದು ಊರಿಗೆ ಮರಳುವವರು ಮನೆಸಾಮಾನಿನ ಜೊತೆಗೆ ತಮ್ಮ ಬೈಕನ್ನೂ ತರಬಹುದೇ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ತರಬಹುದು. 2024ರಲ್ಲಿ ಜಪಾನಿನಿಂದ ಹೊರಟ ನನ್ನ ಹೋಂಡಾ ಸೂಪರ್ ಕಬ್ 110 ಈಗ ಶಿವಮೊಗ್ಗದ ಕೆಎ-14 ನಂಬರ್ ಹೊತ್ತು ಓಡಾಡುತ್ತಿದೆ. ಆದರೆ ಈ ಕೆಲಸದ ಮುಕ್ಕಾಲು ಪಾಲು ಬೈಕು ಹಡಗು ಹತ್ತುವ ಮೊದಲೇ ಮುಗಿದಿರಬೇಕು ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ಬಂದರಿನಲ್ಲಿ ಅಧಿಕಾರಿ ಕೇಳುವ ಕಾಗದಗಳಲ್ಲಿ ಹೆಚ್ಚಿನವು ನಾವು ಬಿಟ್ಟುಬಂದ ದೇಶದಲ್ಲಿ ಮಾತ್ರ ಸಿಗುವಂಥವು. ಇಲ್ಲಿಗೆ ಬಂದ ಮೇಲೆ ಅವುಗಳನ್ನು ತರಿಸಿಕೊಳ್ಳುವುದು ಬಹಳ ಕಷ್ಟ.

ಇಷ್ಟು ಖರ್ಚು ಮಾಡಿ ಸಣ್ಣದೊಂದು ಬೈಕನ್ನು ತರುವುದೇಕೆ ಎಂಬ ಪ್ರಶ್ನೆ ಸಹಜವಾದದ್ದು. ಸೂಪರ್ ಕಬ್ 1958ರಲ್ಲಿ ಬಂದ ವಿನ್ಯಾಸ. 2017ರಲ್ಲಿ ಅದರ ಒಟ್ಟು ಉತ್ಪಾದನೆ 10 ಕೋಟಿ ದಾಟಿತು. ಜಪಾನಿನಲ್ಲಿ ಅಂಚೆಯವರು, ಪತ್ರಿಕೆ ಹಾಕುವವರು, ಊಟದ ತಟ್ಟೆ ತಲುಪಿಸುವವರು ತಲೆಮಾರುಗಳಿಂದ ಓಡಿಸುತ್ತ ಬಂದಿರುವುದು ಇದನ್ನೇ. ಕ್ಲಚ್ ಹಿಡಿಯಿಲ್ಲ, ಗೇರನ್ನು ಕಾಲಿನಿಂದ ಒತ್ತಿದರೆ ಸಾಕು. ನಮ್ಮಲ್ಲಿ ತೊಂಬತ್ತರ ದಶಕದ ಕೊನೆಗೆ ಬಂದು ಹೆಚ್ಚು ಕಾಲ ನಿಲ್ಲದ ಹೀರೋ ಹೋಂಡಾ ಸ್ಟ್ರೀಟ್ ಇದೇ ಮನೆತನದ್ದು. ಅದನ್ನು ಓಡಿಸಿದವರಿಗೆ ನಾನು ಹೇಳುತ್ತಿರುವುದು ತಕ್ಷಣ ತಿಳಿಯುತ್ತದೆ. ಜಪಾನಿನಲ್ಲಿ 125 ಸಿಸಿ ಮತ್ತು ಅದಕ್ಕಿಂತ ಕಡಿಮೆಯ ಬೈಕುಗಳಿಗೆ ಎಕ್ಸ್‌ಪ್ರೆಸ್‌ವೇ ಪ್ರವೇಶವಿಲ್ಲ. ಆದ್ದರಿಂದ ನಾನು ಆ ದೇಶವನ್ನು ನೋಡಿದ್ದೆಲ್ಲ ಹಳೆಯ ರಸ್ತೆಗಳಲ್ಲಿ, ಹೊಳೆಯ ದಂಡೆಗಳಲ್ಲಿ, ಹಕೋನೆಯ ಘಾಟಿಯ ತಿರುವುಗಳಲ್ಲಿ, ಈ ಬೈಕಿನ ಮೇಲೆಯೇ. ಇದನ್ನು ಯಾರಿಗೋ ಮಾರಿ ಬರುವ ಮನಸ್ಸು ನನಗಿರಲಿಲ್ಲ, ಭಾರತದಲ್ಲಿ ಇಂಥದ್ದು ಅಂಗಡಿಯಲ್ಲಿ ಸಿಗುವುದೂ ಇಲ್ಲ. ಇಲ್ಲೇ ಮಾರಾಟಕ್ಕಿರುವ ಮಾದರಿಯನ್ನು ಯಾರಾದರೂ ಹೊರಗಿನಿಂದ ತರುತ್ತೇನೆ ಎಂದರೆ ಮಾತ್ರ ನಾನು ಬೇಡವೆಂದೇ ಹೇಳುತ್ತೇನೆ.

ಮೊದಲು ಓದಬೇಕಾದದ್ದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಆಮದು ನೀತಿಯಲ್ಲಿ ವಾಹನಗಳಿಗೆ ಸಂಬಂಧಿಸಿದ 87ನೇ ಅಧ್ಯಾಯಕ್ಕೆ ಸೇರಿಸಿರುವ ಟಿಪ್ಪಣಿಗಳನ್ನು. ಯಾವುದೇ ದೇಶದಲ್ಲಿ ಒಮ್ಮೆ ನೋಂದಣಿಯಾದ ವಾಹನ ಈ ನೀತಿಯಲ್ಲಿ ‘ಬಳಸಿದ ವಾಹನ’ ಎನಿಸಿಕೊಳ್ಳುತ್ತದೆ. ಎಷ್ಟು ಕಡಿಮೆ ಓಡಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಬಳಸಿದ ವಾಹನಕ್ಕೆ ಇರುವ ಸಾಮಾನ್ಯ ಷರತ್ತುಗಳು ಬಿಗಿಯಾಗಿವೆ. ತಯಾರಾದ ದಿನದಿಂದ ಮೂರು ವರ್ಷ ಮೀರಿರಬಾರದು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ವೇಗ ತೋರಿಸಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದುವಂತಿರಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು, ಆಮದಾದ ಮೇಲೆ ಐದು ವರ್ಷವಾದರೂ ರಸ್ತೆಗೆ ಯೋಗ್ಯವಾಗಿರಬೇಕು. ಇದಲ್ಲದೆ ಎರಡು ವರ್ಷ ಸತತವಾಗಿ ಹೊರದೇಶದಲ್ಲಿದ್ದು ಶಾಶ್ವತವಾಗಿ ನೆಲೆಸಲು ಬರುವವರಿಗೆ ಪ್ರತ್ಯೇಕ ದಾರಿಯೊಂದಿದೆ. ವಾಹನ ಕನಿಷ್ಠ ಒಂದು ವರ್ಷ ಅವರ ಸ್ವಾಧೀನದಲ್ಲಿ ಇದ್ದಿರಬೇಕು ಮತ್ತು ಸುಂಕವನ್ನು ಪೂರ್ತಿ ಕಟ್ಟಬೇಕು ಎಂಬುದು ಅಲ್ಲಿನ ಷರತ್ತು. ಆ ಭಾಗದ ಮಾತೆಲ್ಲ ಹೆಚ್ಚಾಗಿ ಕಾರಿನದು. ಆದ್ದರಿಂದ ನಾನು ಎರಡೂ ದಾರಿಗಳ ಷರತ್ತುಗಳಲ್ಲಿ ನನ್ನ ಕೈಲಾಗುವುದನ್ನೆಲ್ಲ ಪೂರೈಸಿಯೇ ಹೊರಡುವುದೆಂದು ತೀರ್ಮಾನಿಸಿದೆ. ಯಾವ ಮೇಜಿನ ಮುಂದೆ ನಿಂತರೂ ಉತ್ತರವಿಲ್ಲದಂತಾಗಬಾರದು ಎಂಬುದಷ್ಟೇ ನನ್ನ ಉದ್ದೇಶ.

ಈ ವಿಷಯದಲ್ಲಿ ಜಪಾನಿನಿಂದ ಬರುವವರಿಗೆ ಒಂದು ಅನುಕೂಲವಿದೆ. ಅಲ್ಲಿಯೂ ಸಂಚಾರ ಎಡಬದಿಯಲ್ಲಿ, ವೇಗದ ಅಳತೆ ಕಿಲೋಮೀಟರಿನಲ್ಲಿ. ಅಮೆರಿಕದಿಂದ ತರುವವರಂತೆ ಮೀಟರು, ಹೆಡ್‌ಲೈಟು ಬದಲಿಸುವ ಕೆಲಸವಿಲ್ಲ. ನನ್ನ ಬೈಕು 2022ರ ಮಾದರಿಯದು. ಅದು ಪಾಲಿಸುವ ಜಪಾನಿನ ಹೊಗೆ ನಿಯಮ ಯುರೋ 5ಕ್ಕೆ ಸಮಾನವಾದದ್ದು. ನಮ್ಮ ಬಿಎಸ್ 6ರ ಪ್ರಶ್ನೆ ಮುಂದೆ ಆರ್‌ಟಿಒದಲ್ಲಿ ಎದ್ದಾಗ ಇದರ ದಾಖಲೆ ಕೈಯಲ್ಲಿದ್ದದ್ದು ಉಪಯೋಗಕ್ಕೆ ಬಂತು.

ತೊಡಕಿದ್ದದ್ದು ತಯಾರಿಕೆಯ ದಿನಾಂಕದಲ್ಲಿ. 125 ಸಿಸಿವರೆಗಿನ ಬೈಕಿನ ನೋಂದಣಿ ಜಪಾನಿನಲ್ಲಿ ಸಾರಿಗೆ ಇಲಾಖೆಗೆ ಸೇರಿದ್ದಲ್ಲ. ವಾರ್ಡ್ ಕಚೇರಿಯೇ, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಸಂಸ್ಥೆಯೇ, ನಂಬರ್ ಪ್ಲೇಟು ಕೊಡುತ್ತದೆ. ನಾನಿದ್ದದ್ದು ಭಾರತೀಯರು ಹೆಚ್ಚಾಗಿರುವ ನಿಶಿಕಸಾಯ್ ಬಡಾವಣೆಯಲ್ಲಿ, ಎದೊಗಾವಾ ವಾರ್ಡಿನಲ್ಲಿ. ವಾರ್ಡ್ ಕೊಟ್ಟ ಪ್ರಮಾಣಪತ್ರದಲ್ಲಿ ಮಾಲೀಕರ ಹೆಸರು, ಫ್ರೇಮ್ ನಂಬರು, ಎಂಜಿನ್ ಸಾಮರ್ಥ್ಯ ಎಲ್ಲ ಇದ್ದವು, ಬೈಕು ಯಾವ ತಿಂಗಳಲ್ಲಿ ತಯಾರಾಯಿತು ಎಂಬುದು ಮಾತ್ರ ಇರಲಿಲ್ಲ. ಭಾರತದ ಕಸ್ಟಮ್ಸ್‌ಗೆ ಬೇಕಿದ್ದದ್ದು ಅದೇ. ಬೈಕು ಕೊಂಡ ಅಂಗಡಿಯವರ ಬಳಿ ಹೋಗಿ, ಫ್ರೇಮ್ ನಂಬರು, ತಯಾರಿಕೆಯ ತಿಂಗಳು, ಮಾರಾಟದ ದಿನಾಂಕ ಮತ್ತು ತಯಾರಕರ ನಿಗದಿತ ಬೆಲೆ ಒಂದೇ ಹಾಳೆಯಲ್ಲಿ ಬರುವಂತೆ ಮುದ್ರೆ ಹಾಕಿದ ಪತ್ರ ಬರೆಸಿಕೊಂಡೆ. ಈ ಇಡೀ ಪ್ರಕ್ರಿಯೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು ಆ ಒಂದು ಹಾಳೆ.

ಹೊರಡುವ ಮೊದಲು ಬೈಕಿನ ನೋಂದಣಿಯನ್ನು ಅಲ್ಲಿ ರದ್ದು ಮಾಡಿಸಬೇಕು. ಇದು ಬೇಗ ಆಗುವ ಕೆಲಸ. 90ರಿಂದ 125 ಸಿಸಿಯವರೆಗಿನ ಬೈಕುಗಳಿಗಿರುವ ಗುಲಾಬಿ ಬಣ್ಣದ ಪ್ಲೇಟನ್ನು ಬಿಚ್ಚಿ ವಾರ್ಡ್ ಕಚೇರಿಯ ಕೌಂಟರಿನಲ್ಲಿಟ್ಟರೆ ರದ್ದತಿಯ ಪತ್ರ ಕೈಗೆ ಬರುತ್ತದೆ. ವಾಹನ ತೆರಿಗೆ ಪ್ರತಿವರ್ಷ ಏಪ್ರಿಲ್ 1ರಂದು ಯಾರ ಹೆಸರಿನಲ್ಲಿ ಬೈಕಿದೆಯೋ ಅವರ ಮೇಲೆ ಇಡೀ ವರ್ಷಕ್ಕೆ ಬೀಳುತ್ತದೆ; ನನ್ನ ವರ್ಗದ ಬೈಕಿಗೆ ಅದು 2,400 ಯೆನ್. ಕಡ್ಡಾಯ ವಿಮೆಯ ಉಳಿದ ಅವಧಿಯ ಹಣವನ್ನು ಇದೇ ರದ್ದತಿ ಪತ್ರ ತೋರಿಸಿ ಹಿಂದಕ್ಕೆ ಪಡೆಯಬಹುದು. ಎಲ್ಲ ಪತ್ರಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿದೆ. ಭಾರತ ಮತ್ತು ಜಪಾನ್ ಎರಡೂ ಪರಸ್ಪರರ ಸರ್ಕಾರಿ ದಾಖಲೆಗಳನ್ನು ಮಾನ್ಯ ಮಾಡುವ ಹೇಗ್ ಒಪ್ಪಂದಕ್ಕೆ ಸೇರಿರುವುದರಿಂದ ವಾರ್ಡಿನ ಪತ್ರಕ್ಕೆ ಅಲ್ಲಿನ ವಿದೇಶಾಂಗ ಸಚಿವಾಲಯದಿಂದ ಅಪೊಸ್ಟಿಲ್ ಮುದ್ರೆಯನ್ನೂ, ಅಂದರೆ ದಾಖಲೆ ಅಸಲಿ ಎಂಬ ದೃಢೀಕರಣವನ್ನೂ, ಹಾಕಿಸಿದೆ. ಅದಕ್ಕೆ ಶುಲ್ಕವಿಲ್ಲ. ಅನುವಾದದಲ್ಲಿ ನನ್ನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಇರಬೇಕೆಂದು ಕುಳಿತು ನೋಡಿದೆ. ಜಪಾನಿ ಲಿಪಿಗೆ ಹೋಗಿ ಇಂಗ್ಲಿಷಿಗೆ ಮರಳಿದ ಕನ್ನಡದ ಹೆಸರು ಗುರುತು ಸಿಗದಷ್ಟು ಬದಲಾಗಿರುತ್ತದೆ.

ಸಾಗಣೆಯವರನ್ನು ಗೊತ್ತುಮಾಡುವಾಗ ಎಚ್ಚರ ತಪ್ಪಬಾರದ ಸಂಗತಿ ಒಂದಿದೆ. ನಾನು ಮೊದಲು ಮಾತಾಡಿಸಿದ ಕಂಪನಿಯವರು, ಹೆಸರು ಬೇಡ, ಬೈಕನ್ನು ಮನೆಸಾಮಾನಿನ ಪಟ್ಟಿಯಲ್ಲೇ ಸೇರಿಸಿ ಕಳಿಸುತ್ತೇವೆ, ಸುಂಕದ ರಿಯಾಯಿತಿಯೂ ಸಿಗುತ್ತದೆ ಎಂದರು. 1962ರ ಕಸ್ಟಮ್ಸ್ ಕಾಯ್ದೆಯ ಎರಡನೇ ಕಲಂನಲ್ಲಿ ಬ್ಯಾಗೇಜಿನ ವ್ಯಾಖ್ಯೆಯೊಳಗೇ ಮೋಟಾರು ವಾಹನ ಸೇರುವುದಿಲ್ಲ ಎಂದು ಬರೆದಿದೆ. ಪಾತ್ರೆ, ಪುಸ್ತಕ, ಫ್ರಿಜ್ಜಿಗೆ ಆಗ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮಗಳ ರಿಯಾಯಿತಿ ಇತ್ತು. ಬೈಕಿಗೆ ಅದರಲ್ಲಿ ಬಿಡಿಗಾಸೂ ಇರಲಿಲ್ಲ. ಪಟ್ಟಿಯಲ್ಲಿ ಅಡಗಿಸಿದಂತೆ ಬಂದ ವಾಹನವನ್ನು ಅಧಿಕಾರಿಗಳು ಯಾವ ಕಣ್ಣಿನಿಂದ ನೋಡುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ಬೈಕಿಗೆ ಬೇರೆಯೇ ಬಿಲ್ ಆಫ್ ಲೇಡಿಂಗ್ (ಹಡಗಿನವರು ಸರಕಿಗೆ ಕೊಡುವ ರಸೀದಿ), ಇಲ್ಲಿ ಬೇರೆಯೇ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ) ಬೇಕೆಂದು ಪಟ್ಟುಹಿಡಿದೆ. ಅವರು ಒಪ್ಪದಿದ್ದಾಗ ಬೇರೆಯವರನ್ನು ಹುಡುಕಿಕೊಂಡೆ.

ಪೆಟ್ಟಿಗೆ ಕಟ್ಟುವ ದಿನ ನಾನು ಗೋದಾಮಿನಲ್ಲೇ ಇದ್ದೆ. ಅದಕ್ಕೆ ಮೊದಲು ಬೈಕಿನ ಚಕ್ರ, ಮಡ್‌ಗಾರ್ಡಿನ ಒಳಮೈ, ಸ್ಟ್ಯಾಂಡಿನ ಸಂದು ಎಲ್ಲವನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದಿದ್ದೆ, ಏಕೆಂದರೆ ಸಸ್ಯ ಸಂಗರೋಧದ (ಪ್ಲಾಂಟ್ ಕ್ವಾರಂಟೈನ್) ನಿಯಮಗಳ ಪ್ರಕಾರ ಹೊರದೇಶದ ಮಣ್ಣು ಹಾಗೆ ಸುಮ್ಮನೆ ಒಳಗೆ ಬರುವಂತಿಲ್ಲ. ಪೆಟ್ರೋಲನ್ನು ಪೂರ್ತಿ ಬಸಿದರು, ಬ್ಯಾಟರಿಯ ತಂತಿ ಬಿಚ್ಚಿ ತುದಿಗಳಿಗೆ ಟೇಪು ಸುತ್ತಿದರು, ಕನ್ನಡಿಗಳನ್ನು ತೆಗೆದು ಬಟ್ಟೆಯಲ್ಲಿ ಕಟ್ಟಿದರು. ಪೆಟ್ರೋಲಿನಿಂದ ಓಡುವ ವಾಹನವನ್ನು ಹಡಗಿನವರು ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಯುಎನ್ 3166 ಎಂದು ಗುರುತಿಸುತ್ತಾರೆ. ಬಸಿದ ಪ್ರಮಾಣಪತ್ರವಿಲ್ಲದಿದ್ದರೆ ಕಂಟೇನರ್ ಯಾರ್ಡಿನಲ್ಲೇ ನಿಲ್ಲುತ್ತದೆ. ಮರದ ಪೆಟ್ಟಿಗೆಯ ಪ್ರತಿ ಬದಿಯಲ್ಲೂ ಶಾಖ ಸಂಸ್ಕರಣೆಯಾಗಿದೆ ಎಂಬುದಕ್ಕೆ ‘ಎಚ್‌ಟಿ’ ಮುದ್ರೆ ಇದೆಯೇ ಎಂದು ಸುತ್ತ ಹೋಗಿ ನೋಡಿ ಫೋಟೋ ತೆಗೆದುಕೊಂಡೆ. ಬಿಡಿಭಾಗಗಳನ್ನೂ ಅದರಲ್ಲೇ ಹಾಕಿದೆ: ಚೈನ್ ಸ್ಪ್ರಾಕೆಟ್ ಸೆಟ್ಟು, ಮುಂದಿನ ಬ್ರೇಕಿನ ಪ್ಯಾಡು, ಹಿಂದಿನ ಬ್ರೇಕ್ ಶೂ, ಆಯಿಲ್ ಫಿಲ್ಟರ್, ಸ್ಪಾರ್ಕ್ ಪ್ಲಗ್. ಒಂದೊಂದಕ್ಕೂ ಬೆಲೆ ಬರೆದು ಪ್ರತ್ಯೇಕವಾಗಿ ಘೋಷಿಸಿದೆ.

ಯೊಕೊಹಾಮಾದಿಂದ ಸಿಂಗಾಪುರದ ದಾರಿಯಾಗಿ ಹಡಗು ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿಗೆ ಬಂತು. ಅಷ್ಟರಲ್ಲಿ ನಾನು ಶಿವಮೊಗ್ಗಕ್ಕೆ ಬಂದು ಮುಂಬೈಯ ಕ್ಲಿಯರಿಂಗ್ ಏಜೆಂಟರಿಗೆ ಅಧಿಕಾರಪತ್ರ, ಪಾಸ್‌ಪೋರ್ಟಿನ ಎಲ್ಲ ಪುಟಗಳ ಪ್ರತಿ, ಪ್ಯಾನ್ ಕಾರ್ಡು ಕಳಿಸಿಯಾಗಿತ್ತು. ಪಾಸ್‌ಪೋರ್ಟಿನ ಖಾಲಿ ಪುಟಗಳೂ ಬೇಕು. ನಡುವೆ ಎಲ್ಲಿಗೂ ಬಂದುಹೋಗಿಲ್ಲ ಎಂಬುದಕ್ಕೆ ಅವೇ ಸಾಕ್ಷಿ. ಸ್ವಂತ ಬಳಕೆಗೆ ತರುವವರಿಗೆ ವ್ಯಾಪಾರಿಗಳಿಗಿರುವ ಆಮದು-ರಫ್ತು ಸಂಕೇತ ಸಂಖ್ಯೆಯ ಅಗತ್ಯವಿಲ್ಲ. ಬಿಲ್ ಆಫ್ ಎಂಟ್ರಿಯನ್ನು ಹಡಗು ತಲುಪುವ ಮುನ್ನವೇ ಸಲ್ಲಿಸಿದರೆ ಒಳ್ಳೆಯದು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡ, ಅದರ ಮೇಲೆ ಗೋದಾಮಿನ ಬಾಡಿಗೆ ಬೇರೆ. ಸಣ್ಣ ಬೈಕಿನ ಬೆಲೆಯನ್ನು ಈ ಬಾಡಿಗೆಯೇ ಕೆಲವು ವಾರಗಳಲ್ಲಿ ನುಂಗಿಬಿಡಬಲ್ಲದು.

ಸುಂಕದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ಬಳಸಿದ ವಾಹನದ ಮೌಲ್ಯವನ್ನು ನಾವು ಹೇಳಿದ ಬೆಲೆಯಿಂದ ಕಟ್ಟುವುದಿಲ್ಲ. ಹೊಸದಾಗಿದ್ದಾಗ ತಯಾರಕರ ನಿಗದಿತ ಬೆಲೆ ಎಷ್ಟಿತ್ತೋ ಅದನ್ನು ಹಿಡಿದು, ಮೊದಲ ವರ್ಷದ ಪ್ರತಿ ತ್ರೈಮಾಸಿಕಕ್ಕೆ ಶೇ 4, ಎರಡನೇ ವರ್ಷ ಶೇ 3, ಮೂರನೇ ವರ್ಷ ಶೇ 2.5ರಂತೆ ಸವಕಳಿ ಕಳೆಯುತ್ತಾರೆ. ಎರಡು ವರ್ಷ ತುಂಬಿದ ಬೈಕಿಗೆ ಶೇ 28 ಕಳೆಯಿತೆಂದಾಯಿತು. ಉಳಿದದ್ದಕ್ಕೆ ಹಡಗಿನ ಬಾಡಿಗೆ ಮತ್ತು ವಿಮೆ ಸೇರಿಸಿದರೆ ಬರುವುದೇ ಸುಂಕಕ್ಕೆ ಒಳಪಡುವ ಮೌಲ್ಯ. ಆ ಮೌಲ್ಯ 100 ರೂಪಾಯಿ ಎಂದಿಟ್ಟುಕೊಳ್ಳೋಣ. ನಾನು ತಂದಾಗ ಬಳಸಿದ ಮೋಟಾರ್‌ಸೈಕಲಿನ ಮೂಲ ಸುಂಕ ಶೇ 100, ಅಂದರೆ ಮತ್ತೆ 100 ರೂಪಾಯಿ. ಆ ಸುಂಕದ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಅಧಿಭಾರ, 10 ರೂಪಾಯಿ. ಈಗಾದ 210 ರೂಪಾಯಿಯ ಮೇಲೆ ಶೇ 28ರ ಜಿಎಸ್‌ಟಿ, 58 ರೂಪಾಯಿ 80 ಪೈಸೆ. ಎಂಜಿನ್ 350 ಸಿಸಿ ಮೀರಿದ್ದರೆ ಇನ್ನೂ ಶೇ 3 ಸೆಸ್ ಬೀಳುತ್ತಿತ್ತು, 109 ಸಿಸಿಯ ನನ್ನ ಬೈಕಿಗೆ ಅದು ತಗಲಲಿಲ್ಲ. ಹೀಗೆ 100 ರೂಪಾಯಿಯ ವಸ್ತುವಿಗೆ ಸುಮಾರು 169 ರೂಪಾಯಿ ಸುಂಕ. ದುಬಾರಿ ದೊಡ್ಡ ಬೈಕನ್ನು ತರಬೇಕೆಂದಿರುವವರು ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ನೋಡಿಯೇ ಮನಸ್ಸು ಗಟ್ಟಿಮಾಡಿಕೊಳ್ಳಬೇಕು.

ತಪಾಸಣೆಯ ದಿನ ಏಜೆಂಟರ ಜೊತೆಗೆ ನಾನೂ ಉರಣದ ಬಳಿಯ ಕಂಟೇನರ್ ನಿಲ್ದಾಣಕ್ಕೆ ಹೋಗಿದ್ದೆ. ಪೆಟ್ಟಿಗೆಯ ಒಂದು ಬದಿಯ ಹಲಗೆಗಳನ್ನು ಕಿತ್ತು ತೆಗೆದಾಗ ಬೈಕು ಕಟ್ಟಿದಾಗ ಇದ್ದಂತೆಯೇ ನೆಟ್ಟಗೆ ನಿಂತಿತ್ತು. ಪರಿಶೀಲನೆಗೆ ಬಂದ ಅಧಿಕಾರಿ ಟಾರ್ಚು ಹಿಡಿದು ಬಾಗಿ, ಫ್ರೇಮಿನ ಮೇಲೆ ಕೊರೆದ ನಂಬರನ್ನು ಬಟ್ಟೆಯಿಂದ ಒರೆಸಿ, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದರು. ಏಜೆಂಟರ ಸಹಾಯಕರು ಬಿಲ್ಲಿನ ಪ್ರತಿಯಲ್ಲಿ ಬೆರಳಿಟ್ಟು ಹೊಂದಿಸುತ್ತ ಹೋದರು. ಆಮೇಲೆ ಅಧಿಕಾರಿ, “ಇದರ ಚಾಸಿಸ್ ನಂಬರ್ ಯಾಕೆ ಇಷ್ಟು ಚಿಕ್ಕದು?” ಎಂದು ಹಿಂದಿಯಲ್ಲಿ ಕೇಳಿದರು. ಪ್ರಶ್ನೆ ಸರಿಯಾದದ್ದೇ. ಭಾರತದ ವಾಹನಗಳ ಚಾಸಿಸ್ ನಂಬರು 17 ಅಕ್ಷರದ್ದು. ಜಪಾನಿನ ಒಳಗೆ ಮಾರಾಟವಾಗುವ ವಾಹನಗಳಿಗೆ ಆ ಪದ್ಧತಿಯಿಲ್ಲ, ಮಾದರಿಯ ಸಂಕೇತ ಮತ್ತು ಕ್ರಮಸಂಖ್ಯೆ ಸೇರಿದ ಗಿಡ್ಡ ಫ್ರೇಮ್ ನಂಬರೇ ಇರುತ್ತದೆ. ನನ್ನದು ‘ಜೆಎ59’ ಎಂದು ಶುರುವಾಗುವಂಥದು. ಅಂಗಡಿಯವರ ಪತ್ರವನ್ನೂ ಅಪೊಸ್ಟಿಲ್ ಇದ್ದ ವಾರ್ಡಿನ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟೆ. ಮೂರೂ ಕಡೆ ಒಂದೇ ಸಂಖ್ಯೆ ಇದ್ದದ್ದನ್ನು ನೋಡಿ ಅವರು ಟಿಪ್ಪಣಿ ಬರೆದುಕೊಂಡರು. ಶಾಶ್ವತವಾಗಿ ಮರಳಿ ಬಂದವರ ವರ್ಗದಲ್ಲೇ ಅರ್ಜಿಯನ್ನು ಪರಿಗಣಿಸಿದ್ದರಿಂದ ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐಗೆ ಪರೀಕ್ಷೆಗೆ ಕಳಿಸುವ ಪ್ರಸಂಗ ಬರಲಿಲ್ಲ. ಸುಂಕವನ್ನು ಆನ್‌ಲೈನಿನಲ್ಲಿ ಕಟ್ಟಿದ ಮೇಲೆ ‘ಔಟ್ ಆಫ್ ಚಾರ್ಜ್’, ಅಂದರೆ ಸರಕನ್ನು ಒಯ್ಯಬಹುದೆಂಬ ಆದೇಶ, ಸಿಕ್ಕಿತು.

ಅಲ್ಲಿಂದ ಊರಿಗೆ ಬೈಕನ್ನು ಓಡಿಸಿಕೊಂಡು ಬರುವ ಆಸೆ ಯಾರಿಗಾದರೂ ಆಗುತ್ತದೆ. ನೋಂದಣಿಯಿಲ್ಲದ, ವಿಮೆಯಿಲ್ಲದ ವಾಹನವನ್ನು ಎರಡು ರಾಜ್ಯಗಳ ಹೆದ್ದಾರಿಯಲ್ಲಿ ಓಡಿಸುವುದು ಕಾನೂನಿಗೂ ವಿರುದ್ಧ, ವಿವೇಕಕ್ಕೂ ವಿರುದ್ಧ. ಪೆಟ್ಟಿಗೆಯನ್ನು ಮತ್ತೆ ಮುಚ್ಚಿಸಿ ಲಾರಿಗೆ ಹಾಕಿಸಿದೆ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯ ದಾರಿಯಾಗಿ ಅದು ಮನೆ ಬಾಗಿಲಿಗೆ ಬಂತು.

ಆರ್‌ಟಿಒದ ಕೆಲಸಕ್ಕೆ ಆಧಾರ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮ. ನಮೂನೆ 20ರ ಅರ್ಜಿಯ ಜೊತೆಗೆ ಆಮದಾದ ವಾಹನಕ್ಕೆ ಕಸ್ಟಮ್ಸ್ ಬಿಡುಗಡೆಯ ಪ್ರಮಾಣಪತ್ರ ಬೇಕೆಂದು ಅದರಲ್ಲಿದೆ. ನಾನು ಆ ನಿಯಮದ ಮುದ್ರಿತ ಪ್ರತಿಯನ್ನೂ ಕಡತದಲ್ಲಿ ಇಟ್ಟುಕೊಂಡಿದ್ದೆ, ಏಕೆಂದರೆ ಜಿಲ್ಲಾ ಕೇಂದ್ರದ ಕಚೇರಿಗೆ ಇಂಥ ಅರ್ಜಿ ಅಪರೂಪಕ್ಕೆ ಬರುತ್ತದೆ. ಇನ್ಸ್‌ಪೆಕ್ಟರು ಬೈಕನ್ನು ಸುತ್ತಲೂ ನೋಡಿ, ಫ್ರೇಮ್ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಕಂಪ್ಯೂಟರಿನಲ್ಲಿ ಅದೇ ಗಿಡ್ಡ ಸಂಖ್ಯೆಯ ಪ್ರಶ್ನೆ ಮತ್ತೆ ಎದ್ದಿತು, ಮಾದರಿಯ ಹೆಸರೂ ಪಟ್ಟಿಯಲ್ಲಿರಲಿಲ್ಲ. ಆಮದಾದ ವಾಹನವೆಂದು ದಾಖಲಿಸಲು ಮೇಲಿನಿಂದ ಅನುಮತಿ ಬರುವವರೆಗೆ ಕಾಯಬೇಕಾಯಿತು. ಈ ಹಂತದಲ್ಲಿ ಸಿಡುಕಿ ಪ್ರಯೋಜನವಿಲ್ಲ. ಪ್ರತಿ ಸಲ ಹೋದಾಗಲೂ ಕಸ್ಟಮ್ಸಿನವರು ಒಪ್ಪಿದ ಸಂಖ್ಯೆ ಇದೇ ಎಂದು ಬಿಲ್ ಆಫ್ ಎಂಟ್ರಿಯನ್ನು ಮುಂದಿಡುವುದೊಂದೇ ನಾನು ಮಾಡಿದ ಕೆಲಸ. ಒಬ್ಬ ಹಿರಿಯ ಗುಮಾಸ್ತರು, “ನಮ್ಮಲ್ಲಿ ಇದು ಆಗೋದಿಲ್ಲ ಅಂತಲ್ಲ ಸರ್, ಯಾರೂ ಮಾಡಿಸಿಕೊಂಡಿಲ್ಲ ಅಷ್ಟೆ” ಎಂದು ಕಡತವನ್ನು ತಾವೇ ಎತ್ತಿಕೊಂಡು ಹೋದರು. ಅವರ ಉಪಕಾರ ನನ್ನ ಮೇಲಿದೆ.

ಕರ್ನಾಟಕದ ಜೀವಾವಧಿ ತೆರಿಗೆಯನ್ನು ಲೆಕ್ಕದಿಂದ ಬಿಡುವಂತಿಲ್ಲ. 1 ಲಕ್ಷ ರೂಪಾಯಿ ಮೀರಿದ ದ್ವಿಚಕ್ರ ವಾಹನಕ್ಕೆ ಅದು ಶೇ 18, ಮತ್ತು ಆಮದಾದ ವಾಹನದ ಬೆಲೆ ಎಂದರೆ ಕಟ್ಟಿದ ಕಸ್ಟಮ್ಸ್ ಸುಂಕವೂ ಸೇರಿದ ಬೆಲೆ. ಸುಂಕದ ಮೇಲೂ ತೆರಿಗೆ ಎಂದಾಯಿತು. ಮೇಲಿನ 100 ರೂಪಾಯಿ ಸುಂಕದೊಂದಿಗೆ 269 ಆಗಿತ್ತಲ್ಲ, ಅದಕ್ಕೆ ಇನ್ನೂ 48 ರೂಪಾಯಿ ಸೇರುತ್ತದೆ. ವಿಮೆಯವರಲ್ಲಿ ಹಲವರು ಮಾದರಿ ತಮ್ಮ ಪಟ್ಟಿಯಲ್ಲಿಲ್ಲವೆಂದು ಆನ್‌ಲೈನಿನಲ್ಲಿ ಬಾಗಿಲು ಹಾಕಿದರು. ಶಾಖೆಗೆ ಹೋಗಿ ಕಾಗದ ತೋರಿಸಿದ ಮೇಲೆ ಮೊದಲು ಥರ್ಡ್ ಪಾರ್ಟಿ, ಆಮೇಲೆ ಪೂರ್ಣ ವಿಮೆ ಸಿಕ್ಕಿತು. ಎಚ್‌ಎಸ್‌ಆರ್‌ಪಿ ಪ್ಲೇಟು ಎಲ್ಲಕ್ಕಿಂತ ಕೊನೆಗೆ ಬಂತು.

ದರಗಳು ಈಗ ನಾನು ಹೇಳಿದಂತೆಯೇ ಇಲ್ಲ. 2025ರ ಬಜೆಟ್ಟಿನಲ್ಲಿ ಮೋಟಾರ್‌ಸೈಕಲಿನ ಆಮದು ಸುಂಕದ ರಚನೆ ಬದಲಾಯಿತು; 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದರೆ, ಅದಕ್ಕೂ ಮೀರಿದವುಗಳಿಗೆ ಶೇ 40 ಆಯಿತು. ಬೈಕು ಕೊಂಡ ದಿನದ ದರವಾಗಲಿ ಹಡಗು ಹೊರಟ ದಿನದ ದರವಾಗಲಿ ಅನ್ವಯಿಸುವುದಿಲ್ಲ. ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನದ ದರವೇ, ಹಡಗು ಬರುವ ಮೊದಲೇ ಸಲ್ಲಿಸಿದ್ದರೆ ಅದು ಬಂದ ದಿನದ್ದೇ, ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಫೆಬ್ರುವರಿಯ ಬಜೆಟ್ಟಿನ ಆಸುಪಾಸಿನಲ್ಲಿ ಬೈಕು ಸಮುದ್ರದ ಮೇಲಿರುವಂತೆ ಹೊರಡಿಸುವವರು ಎರಡೂ ಸಾಧ್ಯತೆಗೆ ಹಣ ಕೂಡಿಟ್ಟುಕೊಂಡಿರಬೇಕು.

ಬಿಡಿಭಾಗಗಳ ವಿಷಯದಲ್ಲಿ ಈವರೆಗೆ ತೊಂದರೆಯಾಗಿಲ್ಲ. ನಮ್ಮ ಬೀದಿಯ ಮೆಕ್ಯಾನಿಕ್ಕು ಕ್ಲಚ್ ಇಲ್ಲದ ಗೇರಿನ ಕ್ರಮವನ್ನು ಒಂದು ಸುತ್ತು ಓಡಿಸಿಯೇ ತಿಳಿದುಕೊಂಡರು. ಆಯಿಲ್ಲು ಇಲ್ಲಿಯದೇ ಆಗುತ್ತದೆ. ಚೈನಿನ ಸೆಟ್ಟು ಇನ್ನೂ ಪೆಟ್ಟಿಗೆಯಲ್ಲಿದೆ. ಆಗುಂಬೆಯ ಘಾಟಿ ಹತ್ತಿಳಿದು ಸವೆದಿರುವ ಹಿಂದಿನ ಬ್ರೇಕ್ ಶೂವನ್ನು ಈ ಮಳೆಗಾಲಕ್ಕೆ ಮುಂಚೆ ಬದಲಿಸಬೇಕು.